ಮರುಮದುವೆ ಆಗುವವರೆಗೆ ಮಾತ್ರ

ಜನವರಿ 7, ಸೋಮವಾರ

ರಕ್ತದೊತ್ತಡ ಏರಿದೆ ಎಂದು ಡಾಕ್ಟರು ಎರಡು ದಾರಿ ಹೇಳಿದರು. ದಿನಾ ಎರಡು ಮೈಲಿ ನಡೆಯುವುದು, ಇಲ್ಲವೇ ಮನಸ್ಸಿನಲ್ಲಿರುವುದನ್ನು ಬರೆದು ಹಗುರಾಗುವುದು. ಬೆಳಿಗ್ಗೆ ನಡೆಯಲು ಹೋಗುವವರ ಮುಖಗಳನ್ನು ನಾನು ನೋಡಿದ್ದೇನೆ. ಯಾರಿಗೂ ಸುಖವಿದ್ದಂತೆ ಕಾಣುವುದಿಲ್ಲ. ಆದ್ದರಿಂದ ಒಂದು ನೋಟ್‌ಬುಕ್ ಕೊಂಡೆ.

ಇನ್ನಷ್ಟು ಒತ್ತಡ ಇವತ್ತಿನ ಅಂಚೆಯಲ್ಲಿ ಬಂತು. ರಾಜ್ಯದ ಆದೇಶ. ನಮ್ಮ ಬ್ರೀಡ್‌ಲವ್ ಕೌಂಟಿಯಲ್ಲಿ ಯಾರ್ಯಾರ ಗಾಡಿಗೆ ವಿಶೇಷ ನಂಬರ್ ಪ್ಲೇಟ್ ಇದೆಯೋ ಅಷ್ಟೂ ಜನರ ಕಾಗದಪತ್ರಗಳನ್ನು ಮೇ ಮೂವತ್ತೊಂದರೊಳಗೆ ಮತ್ತೆ ಪರಿಶೀಲಿಸಬೇಕಂತೆ. ಮಾಜಿ ಸೈನಿಕರು, ಗಾಯಗೊಂಡ ಸೈನಿಕರು, ಅವರ ವಿಧವೆಯರು, ಜಡ್ಜುಗಳು, ಶಾಸಕರು, ವಾರ್ಡಿನಿಂದ ಗೆದ್ದ ಕಮಿಷನರುಗಳು, ಒಟ್ಟು ನಾನೂರ ಹನ್ನೆರಡು ಪ್ಲೇಟು. ನೋಂದಣಿ ಕಚೇರಿಯಲ್ಲಿ ಇರುವವರು ಇಬ್ಬರೇ, ನಾನು ಮತ್ತು ನನ್ನ ಮೇಲಧಿಕಾರಿ ಲಡಾನಾ. ಅವಳು ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು, ಬಾಯಿ ಮಾತ್ರ ನನಗಿಂತ ದೊಡ್ಡದು.

"ನೆಲ್ಡಾ, ನಿಮಗೆ ನಿಯಮ ಅಂದ್ರೆ ಪ್ರಾಣ ಅಲ್ವಾ? ತಗೊಳ್ಳಿ, ಹಬ್ಬ ಮಾಡಿ" ಎಂದು ಇಡೀ ಕಟ್ಟನ್ನು ನನ್ನ ಮೇಜಿನ ಮೇಲೆ ಇಟ್ಟಳು.

ಪಟ್ಟಿಯಲ್ಲಿ ಇನ್ನೂರ ಎಂಬತ್ತೇಳನೆಯ ಹೆಸರು ನನ್ನದೇ. ನನ್ನ ಗಂಡ ರಾಯ್ಸ್ ತೀರಿಕೊಂಡು ಏಳು ವರ್ಷವಾಯಿತು. ಅವನ ಪಿಕಪ್ಪನ್ನು ನಾನು ಓಡಿಸುತ್ತೇನೆ. ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ನೇರಳೆ ಪದಕದ ಚಿತ್ರವಿರುವ ಅವನ ಪ್ಲೇಟು ಹಾಗೆಯೇ ಇದೆ. ಪ್ರತಿ ಶನಿವಾರ ಅದನ್ನು ಒರೆಸುತ್ತೇನೆ. ಗಾಡಿ ತೊಳೆಯುವುದು ಬಿಟ್ಟುಹೋದರೂ ಅದು ಬಿಟ್ಟುಹೋಗುವುದಿಲ್ಲ. ನಿಯಮ ಪುಸ್ತಕದ ನಲವತ್ತೊಂದನೆಯ ಪುಟ ಹೇಳುವುದು ಇಷ್ಟು: ಸೈನಿಕ ತೀರಿಕೊಂಡರೆ ಪತ್ನಿ ಆ ಪ್ಲೇಟನ್ನು ಇಟ್ಟುಕೊಳ್ಳಬಹುದು, ಮರುಮದುವೆ ಆಗುವವರೆಗೆ ಮಾತ್ರ. ಮರುಮದುವೆ ಆಗಿಲ್ಲ ಎಂಬ ಅಫಿಡವಿಟ್‌ಗೆ ಸಹಿ ಹಾಕಬೇಕು. ಮೊದಲು ನನ್ನದಕ್ಕೇ ಹಾಕಿದೆ. ನಾನೂರ ಹನ್ನೆರಡರಲ್ಲಿ ಅಷ್ಟು ಸುಲಭದ ಕೇಸು ಇನ್ನೊಂದು ಇರಲಾರದು.

ಜನವರಿ 9, ಬುಧವಾರ

ಮಾಜಿ ಕಮಿಷನರ್ ಹೋಯ್ಟ್ ಮೇಬ್ರಿಯವರನ್ನು ಕಚೇರಿಗೆ ಕರೆಸಿದೆ. ಇಪ್ಪತ್ತು ವರ್ಷ ಮೂರನೆಯ ವಾರ್ಡನ್ನು ಆಳಿದವರು. ನವೆಂಬರಿನಲ್ಲಿ ಹನ್ನೊಂದು ಮತಗಳಿಂದ ಸೋತರು, ಅದೂ ನಮ್ಮೂರಿನ ಹಲ್ಲಿನ ಡಾಕ್ಟರಮ್ಮನ ಎದುರು. ಅಧಿಕಾರ ಹೋದ ಮೇಲೆ ಅಧಿಕಾರದ ಪ್ಲೇಟು ವಾಪಸು ಕೊಡಬೇಕು. ಆ ಪ್ಲೇಟಿನ ಮೇಲೆ ಇರುವುದು "3" ಎಂಬ ಒಂದೇ ಅಂಕಿ. ಡಾಕ್ಟರಮ್ಮ ಅದಕ್ಕಾಗಿ ಎರಡು ಸಲ ಫೋನ್ ಮಾಡಿದ್ದರು.

"ಕೊಡೋಕೆ ನಂಗೇನ್ ಬೇಜಾರಿಲ್ಲ ಮಿಸ್ ನೆಲ್ಡಾ" ಎಂದರು, ಹ್ಯಾಟನ್ನು ಎದೆಗೆ ಅವುಚಿಕೊಂಡು. "ಆದ್ರೆ ಬೋಲ್ಟು ತುಕ್ಕು ಹಿಡಿದು ಕೂತ್ಬಿಟ್ಟಿದೆ. ಇಪ್ಪತ್ತು ವರ್ಷದ್ದು. ದೇವರಾಣೆ ಬರಲ್ಲ."

"ಗಾಡಿ ಎಲ್ಲಿದೆ?"

"ಹೊರಗೆ ನಿಂತಿದೆ. ಯಾಕೆ?"

ನನ್ನ ಪಿಕಪ್ಪಿನಿಂದ ಸ್ಪ್ಯಾನರು, ತುಕ್ಕು ಬಿಡಿಸುವ ಎಣ್ಣೆ, ಸಣ್ಣ ಸುತ್ತಿಗೆ ತಂದೆ. ಎಣ್ಣೆ ಬಿಟ್ಟು ಎರಡು ಏಟು ಕೊಟ್ಟು ತಿರುಗಿಸಿದೆ. ಐದು ನಿಮಿಷದ ಕೆಲಸ. ಮೇಬ್ರಿಯವರು ಬಾಯಿ ಬಿಟ್ಟುಕೊಂಡು ನಿಂತಿದ್ದರು.

"ಇದೆಲ್ಲ ಎಲ್ಲಿ ಕಲಿತ್ರಿ?"

"ಸೇನೇಲಿ. ಸ್ವಲ್ಪ ದಿನ ಲಾರಿ ಓಡಿಸ್ತಿದ್ದೆ. ಈಗ ಒಳಗೆ ಬನ್ನಿ, ಸಾಮಾನ್ಯರ ಪ್ಲೇಟ್ ಕೊಡ್ತೀನಿ."

"ಸಾಮಾನ್ಯರ ಪ್ಲೇಟ್" ಎಂದು ಕಹಿ ಔಷಧಿ ಕುಡಿದವರಂತೆ ಹೇಳಿದರು. ಪಾಪ ಅನ್ನಿಸಿತು, ಆದರೆ ಹೆಚ್ಚು ಹೊತ್ತಲ್ಲ.

ಜನವರಿ 25, ಶುಕ್ರವಾರ

ಅರವತ್ತು ಮುಗಿಯಿತು. ಡೆಂಟನ್ ಹಗಿನ್ಸ್ ಎಂಬಾತ ಹನ್ನೆರಡು ವರ್ಷದಿಂದ "ಮಾಜಿ ಯುದ್ಧಕೈದಿ" ಪ್ಲೇಟು ಹಾಕಿಕೊಂಡು ಊರೆಲ್ಲ ತಿರುಗಿದ್ದಾನೆ. ದಾಖಲೆ ತೋರಿಸು ಎಂದರೆ ನಮ್ಮದೇ ಕೌಂಟಿ ಜೈಲಿನ ಕಾಗದ ತಂದ. "ಒಳಗಿದ್ದಾಗ ಯುದ್ಧ ನಡೀತಿತ್ತಲ್ಲ ಮೇಡಂ" ಎಂದ. ಅದನ್ನು ಮಂಜೂರು ಮಾಡಿದವಳು ನನಗಿಂತ ಮುಂಚೆ ಇಲ್ಲಿದ್ದ ಬ್ಯೂಲಾ. ಕಾಗದ ಓದುವುದಕ್ಕಿಂತ ಸ್ಟೇಪ್ಲರ್ ಹೊಡೆಯುವುದರಲ್ಲಿ ಅವಳಿಗೆ ಹೆಚ್ಚು ಖುಷಿಯಿತ್ತು ಎಂದು ಕೇಳಿದ್ದೇನೆ.

ಮೇಬ್ರಿಯವರು ಈ ವಾರ ಮೂರನೆಯ ಸಲ ಬಂದರು. ಮೊದಲ ಸಲ ಪ್ಲೇಟಿನ ಚೌಕಟ್ಟು ಬೇಕೆಂದು, ಎರಡನೆಯ ಸಲ ಆ ಚೌಕಟ್ಟು ಹಿಡಿಸಲಿಲ್ಲವೆಂದು. ಇವತ್ತು ಕಾರಣ ಹೇಳಲೂ ಇಲ್ಲ. ಬೆಂಚಿನ ಮೇಲೆ ಕೂತು, "ಈಗ ರಸ್ತೇಲಿ ಯಾರೂ ಕೈ ಎತ್ತಲ್ಲ ಕಣ್ರೀ. ಇಪ್ಪತ್ತು ವರ್ಷ ಜನ ನಂಗೆ ಕೈ ಎತ್ತುತಾರೆ ಅಂದ್ಕೊಂಡಿದ್ದೆ. ಅವರು ಎತ್ತಿದ್ದು ಮೂರನೇ ನಂಬರಿಗೆ" ಎಂದರು.

ಹೇಳಿ ತಾವೇ ನಕ್ಕರು. ಸೋತ ಮೇಲೆ ಹೀಗೆ ನಗುವ ರಾಜಕಾರಣಿಯನ್ನು ನಾನು ಕಂಡಿರಲಿಲ್ಲ.

ಫೆಬ್ರವರಿ 7, ಗುರುವಾರ

ಮನೆ ಬಿಟ್ಟು ಹೊರಗೆ ಬರಲಾಗದ ಹಿರಿಯರು ಮೂವತ್ತೊಂದು ಜನ. ಅವರ ಮನೆಗೆ ನಾನೇ ಹೋಗಿ ದಾಖಲೆ ನೋಡಬೇಕು. ಎಷ್ಟೋ ಮಣ್ಣುರಸ್ತೆಗಳು ನಕ್ಷೆಯಲ್ಲೇ ಇಲ್ಲ.

"ಮೇಬ್ರಿ ಸುಮ್ನೆ ನಮ್ ಬೆಂಚು ಸವೆಸ್ತಿದಾರೆ. ಆ ರಸ್ತೆಗಳಿಗೆಲ್ಲ ಜಲ್ಲಿ ಹಾಕ್ಸಿದೋರೇ ಅವರು. ಕರ್ಕೊಂಡು ಹೋಗಿ" ಎಂದಳು ಲಡಾನಾ.

ಗಾಡಿ ನನ್ನದು, ಓಡಿಸುವವಳೂ ನಾನೇ ಎಂದು ಮೊದಲೇ ಹೇಳಿದೆ. ಅವರು ಒಂದು ಡಬ್ಬಿ ಬೇಯಿಸಿದ ಕಡಲೆಕಾಯಿ ತಂದಿದ್ದರು. ಗುಂಡಿ ಬಂದಾಗಲೆಲ್ಲ "ಇದು ನನ್ನ ಕಾಲದ್ದು, ಕ್ಷಮಿಸಿ" ಅನ್ನುವುದು, ಇಲ್ಲವೇ "ಇದು ಡಾಕ್ಟರಮ್ಮಂದು" ಅನ್ನುವುದು. ಡಾಕ್ಟರಮ್ಮ ಅಧಿಕಾರಕ್ಕೆ ಬಂದು ಒಂದು ತಿಂಗಳಾಗಿದೆ ಅಷ್ಟೆ, ಆಕೆಯ ಗುಂಡಿಗಳೇ ಹೆಚ್ಚಿದ್ದವು.

ನಾಲ್ಕು ಮನೆ ಮುಗಿಸಿದೆವು. ಪ್ರತಿ ಮನೆಯಲ್ಲೂ ಕೇಕು ತಿನ್ನಿಸಿದರು. ರಕ್ತದೊತ್ತಡದ ಸುದ್ದಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಫೆಬ್ರವರಿ 14, ಗುರುವಾರ

ಇವತ್ತು ಮಿಸ್ ಅಯೋಲಾ ಗಂಟರ್ ಅವರ ಮನೆ. ಎಪ್ಪತ್ತೊಂಬತ್ತು ವರ್ಷ, ಆದರೂ ಮದುವೆಯಾದವರನ್ನೂ ಗೌರವಕ್ಕೆ ಮಿಸ್ ಎನ್ನುವುದು ನಮ್ಮೂರ ವಾಡಿಕೆ. ಗಂಡ ವಿಯೆಟ್ನಾಮಿನಲ್ಲಿ ಗಾಯಗೊಂಡವರು, ತೀರಿಕೊಂಡು ಬಹಳ ವರ್ಷವಾಯಿತು. ನನ್ನ ಬಳಿ ಇರುವಂಥದೇ ಪ್ಲೇಟು ಅವರದೂ.

"ಮರುಮದುವೆ ಆಗಿಲ್ಲ ಅಂತ ಇಲ್ಲಿ ಸಹಿ ಹಾಕ್ಬೇಕು ಮಿಸ್ ಅಯೋಲಾ."

"ಕೊಡಮ್ಮ, ಸಂತೋಷವಾಗಿ ಹಾಕ್ತೀನಿ."

ಅವರ ಹಿಂದೆ ಅಡುಗೆಮನೆಯಲ್ಲಿ ಏಪ್ರನ್ ಕಟ್ಟಿಕೊಂಡ ಒಬ್ಬ ಮುದುಕರು ಒಲೆಯಿಂದ ಮೆಕ್ಕೆಜೋಳದ ದಪ್ಪ ರೊಟ್ಟಿ ಇಳಿಸುತ್ತಿದ್ದರು. ನನ್ನ ಕಣ್ಣು ಅತ್ತ ಹೋಯಿತು.

"ಅವನು ಪರ್ವಿಸ್" ಎಂದರು ಮಿಸ್ ಅಯೋಲಾ. "ಒಂಬತ್ತು ವರ್ಷದಿಂದ ಇಲ್ಲೇ ಇದಾನೆ. ಬಾಡಿಗೆಗೆ ಇದಾನೆ ಅಂದ್ಕೋ."

"ಬಾಡಿಗೆ ಕೊಡಲ್ಲ" ಎಂದರು ಪರ್ವಿಸ್, ಒಲೆಯ ಹತ್ತಿರದಿಂದಲೇ.

"ಪಾದ್ರಿಗಳು ಏನೂ ಅನ್ನಲ್ವಾ?" ಎಂದು ಮೇಬ್ರಿ ಕೇಳಿದರು.

"ಪಾದ್ರಿಗೆ ನಲವತ್ತೊಂದನೇ ಪುಟ ಓದಿ ಹೇಳಿದೆ. ಮದುವೆ ಆದ್ರೆ ಪ್ಲೇಟ್ ಕಿತ್ಕೋತಾರೆ ಸ್ವಾಮಿ, ಏನ್ ಮಾಡ್ಲಿ ಅಂದೆ. ಅವರು ತಲೆ ಕೆರ್ಕೊಂಡು, ಇನ್ನೊಂದು ತುಂಡು ರೊಟ್ಟಿ ಹಾಕು ಅಂದ್ರು."

ವಾಪಸು ಬರುವಾಗ ಮೇಬ್ರಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ನಗಲಿಲ್ಲ. ನಿಯಮದಲ್ಲಿ ಮದುವೆಯ ಮಾತಿದೆ, ಜೋಳದ ರೊಟ್ಟಿಯ ಮಾತಿಲ್ಲ. ಮಂಜೂರು ಮಾಡಿದೆ. ಆದರೆ ಅಂಥ ಬಾಳು ನನ್ನಿಂದಾಗದು. ಆಗಬೇಕಾದ ಪ್ರಸಂಗವೂ ಇಲ್ಲ, ಇದನ್ನು ಯಾಕೆ ಬರೆದೆನೋ.

ಮಾರ್ಚ್ 5, ಮಂಗಳವಾರ

ಕಂಕುಳಲ್ಲಿ ಮಗು ಎತ್ತಿಕೊಂಡು ಒಬ್ಬ ಹುಡುಗಿ ಬಂದಳು. ಮಾಜಿ ಸೈನಿಕರ ಪ್ಲೇಟು ಬೇಕಂತೆ.

"ಯಜಮಾನರ ಸೇನೆಯ ಬಿಡುಗಡೆ ಪತ್ರ ತಂದಿದೀಯಾಮ್ಮ?" ಎಂದೆ.

"ನಮ್ಮ ಯಜಮಾನ್ರು ಶಾಲೆ ಮೇಷ್ಟ್ರು ಮೇಡಂ. ಪತ್ರ ನಂದು."

ಎರಡು ಸಲ ಯುದ್ಧಕ್ಕೆ ಹೋಗಿ ಬಂದವಳು, ಹೆಲಿಕಾಪ್ಟರ್ ಮೆಕ್ಯಾನಿಕ್. ನಾನು ನಾಲಿಗೆ ಕಚ್ಚಿಕೊಂಡೆ. "ಪರ್ವಾಗಿಲ್ಲ ಬಿಡಿ, ಎಲ್ರೂ ಹಾಗೇ ಕೇಳ್ತಾರೆ" ಎಂದು ಆ ಹುಡುಗಿಯೇ ನನ್ನನ್ನು ಸಮಾಧಾನ ಮಾಡಿದಳು. ಏಳು ವರ್ಷದಲ್ಲಿ ಈ ಪ್ರಶ್ನೆಯನ್ನು ಎಷ್ಟು ಹೆಂಗಸರಿಗೆ ಕೇಳಿದ್ದೇನೋ. ಬೇರೆ ಯಾರಾದರೂ ಕೇಳಿದ್ದರೆ ಕ್ಷಮೆಯಿತ್ತು. ಸಂಜೆ "ಸೇನೆಯಲ್ಲಿ ಇದ್ದವರು ಯಾರು?" ಎಂದು ಒಂದು ಚೀಟಿ ಬರೆದು ನನ್ನ ಕಡೆಗೆ ಕಾಣುವಂತೆ ಕೌಂಟರಿಗೆ ಅಂಟಿಸಿದೆ.

ಬೆಂಚಿನ ಮೇಲಿದ್ದ ಮೇಬ್ರಿ ಎಲ್ಲ ನೋಡುತ್ತಿದ್ದರು. "ನೀವೂ ಲಾರಿ ಓಡಿಸಿದೋರಲ್ವಾ? ಮತ್ತೆ ನಿಮ್ಮ ಪ್ಲೇಟ್ ಎಲ್ಲಿ?"

"ಬಂಪರಿನ ಮೇಲಿದೆ, ಹೋಗಿ ನೋಡಿ."

"ಅದು ರಾಯ್ಸ್‌ದು."

"ನಾನು ಓಡಿಸಿದ್ದು ಬರೀ ಲಾರಿ" ಎಂದೆ. ಅವರು ಎದ್ದು ಹೋಗಿ ಬಂಪರನ್ನು ನೋಡಿಯೇ ಬಂದರು.

ಮಾರ್ಚ್ 14, ಗುರುವಾರ

ಮೇಬ್ರಿ ಬರಲಿಲ್ಲ. ಫೋನೂ ಇಲ್ಲ. ನಾನೇನು ಕಾಯಲಿಲ್ಲ, ಹತ್ತೂವರೆವರೆಗೆ ಬೇರೆ ಕೆಲಸವಿತ್ತು.

ಮಾರ್ಚ್ 15, ಶುಕ್ರವಾರ

ಹಲ್ಲು ನೋವಂತೆ. ಊರಿಗೆ ಇರುವುದು ಒಬ್ಬರೇ ಹಲ್ಲಿನ ಡಾಕ್ಟರು. ಅಲ್ಲಿಗೇ ಹೋಗಿದ್ದಾರೆ! ಕೆನ್ನೆ ಬನ್ನಿನಂತೆ ಊದಿತ್ತು. "ನವೆಂಬರಲ್ಲಿ ಕುರ್ಚಿ ಕಿತ್ಳು, ಮಾರ್ಚಲ್ಲಿ ಹಲ್ಲು ಕಿತ್ಳು. ಕೈ ಮಾತ್ರ ಬಲು ಹಗುರ ಕಣ್ರೀ, ಮುಂದಿನ ಸಲ ನನ್ನ ವೋಟು ಅವಳಿಗೇ" ಎಂದು ತೊದಲಿದರು.

ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡೆ. ಲಡಾನಾ ತನ್ನ ಕೋಣೆಯಿಂದ ಓಡಿ ಬಂದಳು. ನನಗೆ ಏನೋ ಆಗಿಹೋಯಿತು ಅಂದುಕೊಂಡಳಂತೆ. ಮನೆಗೆ ಬಂದು ಒಂದು ಪಾತ್ರೆ ಚಿಕನ್ ಸೂಪು ಮಾಡಿದೆ. ಒಬ್ಬಳಿಗೆ ಹೆಚ್ಚಾಯಿತೆಂದು ಅರ್ಧ ಅವರ ಮನೆಗೆ ಕೊಟ್ಟು ಬಂದೆ.

ಮಾರ್ಚ್ 28, ಗುರುವಾರ

ಇನ್ನೂರ ಎಪ್ಪತ್ತು ಮುಗಿಯಿತು. ಹೋಯ್ಟ್ ಮೇಬ್ರಿ ಇವತ್ತು ದಾರಿಯಲ್ಲಿ ರಾಯ್ಸ್‌ನ ಮಾತೆತ್ತಿದರು.

ಪ್ರತಿ ವರ್ಷ ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಮೆರವಣಿಗೆ ಮುಗಿದ ಮೇಲೆ ರಾಯ್ಸ್ ವೇದಿಕೆಯ ಮೇಲೆ ತನ್ನ ಕಥೆ ಹೇಳುತ್ತಿದ್ದ. ತೊಂಬತ್ತೊಂದರ ಕೊಲ್ಲಿ ಯುದ್ಧ. ಸಿಡಿದ ಗುಂಡಿನ ಚೂರು ತೊಡೆಗೆ ಹೊಕ್ಕು ರಕ್ತ ಹರಿದುಹೋಗುತ್ತಿದ್ದಾಗ ಎಲ್ಲಿಂದಲೋ ಒಂದು ಸಾಮಾನಿನ ಲಾರಿ ಬಂತು. ನಲವತ್ತು ಮೈಲಿ ಮರಳಿನಲ್ಲಿ ದೀಪ ಹಾಕದೆ ಓಡಿ ಅವನನ್ನು ಆಸ್ಪತ್ರೆಗೆ ಮುಟ್ಟಿಸಿತು. ಮೆರವಣಿಗೆ ನಡೆಸುತ್ತಿದ್ದವರೇ ಹೋಯ್ಟ್, ಆದ್ದರಿಂದ ಹತ್ತಾರು ಸಲ ಕೇಳಿದ್ದಾರೆ.

"ಆ ಲಾರಿ ಓಡಿಸಿದೋನು ಯಾರು ಅಂತ ರಾಯ್ಸ್ ಯಾವತ್ತೂ ಹೇಳ್ಲಿಲ್ಲ ನೋಡಿ."

"ಓಡಿಸಿದೋನು ಅಲ್ಲ" ಎಂದೆ.

ಅವರ ಕೈಯಲ್ಲಿದ್ದ ಕಡಲೆಕಾಯಿ ಬಾಯಿಗೆ ಹೋಗಲಿಲ್ಲ. ತಿರುಗಿ ನನ್ನನ್ನೇ ನೋಡಿದರು. ನಾನು ರಸ್ತೆ ನೋಡಿದೆ.

"ಹೇಳ್ತೀನಿ ಅಂತ ರಾಯ್ಸ್ ಪ್ರತಿ ವರ್ಷ ಹಟ ಮಾಡ್ತಿದ್ದ. ನನ್ನ ಹೆಸರೆತ್ತಿದ್ರೆ ಒಂದು ವಾರ ಅಡುಗೆ ಇಲ್ಲ ಅಂತ ಹೆದರಿಸಿದ್ದೆ. ಜನ ತಿರುಗಿ ತಿರುಗಿ ನೋಡಿದ್ರೆ ನಂಗಾಗಲ್ಲ. ಅವನು ಗುಂಡಿನ ಚೂರು ತಿಂದ, ನಾನು ಗೇರ್ ಹಾಕ್ದೆ. ಅಷ್ಟೇ."

"ಬೆಳಕಿಲ್ದೆ. ನಲವತ್ತು ಮೈಲಿ."

"ಗೊತ್ತಿರೋ ದಾರಿ."

"ಮರಳುಗಾಡಲ್ಲಿ ಗೊತ್ತಿರೋ ದಾರಿ ಯಾವುದ್ರೀ?" ಎಂದರು ಹೋಯ್ಟ್.

ಆಮೇಲೆ ಮೂರು ಗುಂಡಿ ಬಂದವು, ಒಂದಕ್ಕೂ ಅವರು ಕ್ಷಮೆ ಕೇಳಲಿಲ್ಲ.

ಏಪ್ರಿಲ್ 21, ಈಸ್ಟರ್ ಭಾನುವಾರ

ಚರ್ಚಿನ ಊಟ ಮುಗಿಸಿ ಹೋಯ್ಟ್ ಮತ್ತು ನಾನು ಕೆರೆಯ ಕಡೆ ಹೋದೆವು. ಬಿಸಿಲು ಹಿತವಾಗಿತ್ತು. ನಾನು ನೀಲಿ ಉಡುಪು ಹಾಕಿದ್ದೆ, ಬಹಳ ವರ್ಷದ ಮೇಲೆ. ಸುಮ್ಮನೆ ಕಪಾಟಿನಲ್ಲಿ ಯಾಕಿರಬೇಕು ಎಂದು.

ಹೋಯ್ಟ್ ಪೀಠಿಕೆ ಹಾಕುವವನಲ್ಲ. "ನೆಲ್ಡಾ, ನಿನ್ನ ಮದುವೆ ಆಗ್ಬೇಕು ಅಂತಿದೀನಿ. ನೀನು ಬೇಡ ಅಂದ್ರೂ ನಡಿಯುತ್ತೆ, ಸೋತು ಅಭ್ಯಾಸ ಇದೆ" ಎಂದ.

"ನಲವತ್ತೊಂದನೇ ಪುಟ" ಎಂದೆ.

"ಓದಿದೀನಿ. ಮೂರು ಸಲ. ಎಲ್ಲಾದ್ರೂ ಸಂದು ಸಿಗುತ್ತಾ ಅಂತ."

"ಸಿಕ್ತಾ?"

"ಇಲ್ಲ. ಬರೆದೋನು ಗಟ್ಟಿಗ."

ರಾಯ್ಸ್‌ನ ಬಟ್ಟೆಗಳನ್ನು ಕೊಟ್ಟಾಯಿತು, ಅವನ ದೋಣಿ ಮಾರಿದ್ದಾಯಿತು, ಅವನ ನಾಯಿಯೂ ಸತ್ತಿತು, ರಸ್ತೆಯಲ್ಲಿ ನನ್ನ ಜೊತೆ ಓಡಾಡುವುದು ಅದೊಂದು ತಗಡು ಮಾತ್ರ, ಅದನ್ನು ಕಿತ್ತರೆ ಅವನು ನಿಜವಾಗಿ ಹೋದಂತೆ ಎಂದೆ. ಮಿಸ್ ಅಯೋಲಾ ಥರ ಇರಬಹುದು, ಬೇಕಿದ್ದರೆ ಎಂದೂ ಅಂದೆ. ಅಂದ ತಕ್ಷಣ ಮುಖ ಬಿಸಿಯಾಯಿತು.

"ನಾನು ಪರ್ವಿಸ್ ಅಲ್ಲ ನೆಲ್ಡಾ. ಇಪ್ಪತ್ತು ವರ್ಷ ಊರಿನ ಗೋಡೆ ಮೇಲೆಲ್ಲ ಹೆಸರು ಹಾಕ್ಸಿಕೊಂಡೋನು. ನಿನ್ನ ಜೊತೆ ಇದೀನಿ ಅಂತ ಊರಿಗೆಲ್ಲ ಸಾರ್ಬೇಕು ನಂಗೆ."

ಹಾಗಾದರೆ ಇಲ್ಲ ಎಂದೆ. ಇನ್ನು ಗುರುವಾರ ಬರುವುದೂ ಬೇಡ ಎಂದೆ. ಅವನಿಗೆ ಸಿಟ್ಟು ಬರಲಿಲ್ಲ. ಅದು ನನಗೆ ಇನ್ನೂ ಸಿಟ್ಟು ತರಿಸಿತು.

ಏಪ್ರಿಲ್ 25, ಗುರುವಾರ

ಬರಬೇಡ ಎಂದಿದ್ದೆ, ಬರಲಿಲ್ಲ. ಹೇಳಿದ ಮಾತು ಕೇಳುವ ಗಂಡಸು ಇಷ್ಟು ಕಿರಿಕಿರಿ ಎಂದು ಗೊತ್ತಿರಲಿಲ್ಲ. ಸೇತುವೆಯ ಹತ್ತಿರ ದಾರಿ ತಪ್ಪಿ ಯಾರದೋ ಹಂದಿಗಳ ಕೊಟ್ಟಿಗೆಗೆ ಹೋದೆ. ಹಂದಿಗಳಿಗೆ ವಿಶೇಷ ಪ್ಲೇಟು ಇರಲಿಲ್ಲ.

ಮೇ 9, ಗುರುವಾರ

ನನ್ನ ಫೈಲನ್ನು ನಾನೇ ಪರಿಶೀಲಿಸುವಂತಿಲ್ಲ. ಇವತ್ತು ಲಡಾನಾ ನೋಡುತ್ತಿದ್ದಳು.

"ನೆಲ್ಡಾ, ಈ ನೆಲ್ಡಾ ಫೇ ಗ್ಯಾಂಡಿ ಯಾರು?"

"ನಾನೇ. ಗ್ಯಾಂಡಿ ನನ್ನ ತವರಿನ ಹೆಸರು. ಯಾಕೆ?"

ತೊಂಬತ್ತೆರಡರಲ್ಲಿ ರಾಯ್ಸ್ ಮತ್ತು ನಾನು ಒಂದೇ ದಿನ, ಇದೇ ಕಟ್ಟಡಕ್ಕೆ ಬಂದು, ಇಬ್ಬರ ಬಿಡುಗಡೆ ಪತ್ರಗಳನ್ನೂ ದಾಖಲೆಗೆ ಕೊಟ್ಟಿದ್ದೆವು. ಬ್ಯೂಲಾ ನನ್ನದನ್ನು ರಾಯ್ಸ್‌ನ ಪತ್ರದ ಹಿಂದೆ ಇಟ್ಟು, ನಾಲ್ಕು ಪಿನ್ನು ಹೊಡೆದು, ಮೇಲೆ "ಹೆಂಡತಿಯ ಕಾಗದ" ಎಂದು ಬರೆದಿದ್ದಾಳೆ. ಇಪ್ಪತ್ತೇಳು ವರ್ಷದಿಂದ ಅದು ಅಲ್ಲೇ ಇದೆ.

ಲಡಾನಾ ಉಗುರಿನಿಂದ ಪಿನ್ನು ಕಿತ್ತು ನಿಂತುಕೊಂಡೇ ಓದಿದಳು. "ಸಾರಿಗೆ ದಳ. ಹನ್ನೊಂದು ತಿಂಗಳು ಯುದ್ಧಭೂಮಿ. ಧೈರ್ಯಕ್ಕೆ ಪ್ರಶಂಸಾ ಪದಕ. ಪದಕ, ನೆಲ್ಡಾ! ಏಳು ವರ್ಷ ಎದುರುಬದುರು ಕೂತು ಊಟ ಮಾಡಿದೀವಿ. ಒಂದು ಮಾತು ಹೇಳ್ಲಿಲ್ವಲ್ರೀ!"

"ನೀನು ಕೇಳ್ಲಿಲ್ಲ."

"ನಿಮ್ಮ ಗಂಡ ಸೇನೇಲಿ ಎಲ್ಲಿದ್ರು ಅಂತ ಕೇಳಿದ್ದೆ" ಎಂದಳು ಲಡಾನಾ, ಮತ್ತೆ ತುಟಿ ಕಚ್ಚಿಕೊಂಡಳು.

ಕಾಗದವನ್ನು ನನ್ನ ಮುಂದೆ ಇಟ್ಟಳು. ಓದಿದೆ. ಇಪ್ಪತ್ತೆರಡು ವರ್ಷದ ಆ ಹುಡುಗಿಯನ್ನು ಮರೆತೇಬಿಟ್ಟಿದ್ದೆ. ಐದು ಟನ್ನಿನ ಲಾರಿಯ ಸ್ಟಿಯರಿಂಗ್ ಹಿಡಿದು, ಹಲ್ಲಿನಲ್ಲೆಲ್ಲ ಮರಳು ತುಂಬಿಕೊಂಡು, ಗಂಟಲು ಬಿಟ್ಟು ಹಾಡುತ್ತಿದ್ದಳು. ಯಾರಿಗೂ ಹೆದರುತ್ತಿರಲಿಲ್ಲ ಅವಳು. ನನಗೆ ಅವಳ ಮೇಲೆ ತುಂಬ ಪ್ರೀತಿ ಬಂತು.

ಮೇ 16, ಗುರುವಾರ

ಮಿಸ್ ಅಯೋಲಾ ಪ್ಲೇಟಿಗೆ ಅಂಟಿಸುವ ಈ ವರ್ಷದ ಸ್ಟಿಕ್ಕರ್ ತೆಗೆದುಕೊಳ್ಳಲು ಪರ್ವಿಸ್ ಜೊತೆ ಕಚೇರಿಗೇ ಬಂದಿದ್ದರು. ಪರ್ವಿಸ್‌ರನ್ನು ಬೆಂಚಿನ ಮೇಲೆ ಕೂರಿಸಿ ನನ್ನ ಕಡೆ ಬಾಗಿದರು.

"ಮೇಬ್ರಿ ಮುಖ ಸಪ್ಪೆ ಮಾಡ್ಕೊಂಡು ಓಡಾಡ್ತಿದಾನೆ. ನಲವತ್ತೊಂದನೇ ಪುಟ ತೋರಿಸ್ದೆಯಂತೆ?"

"ನಿಮಗಿಂತ ಚೆನ್ನಾಗಿ ಯಾರಿಗೆ ಅರ್ಥ ಆಗುತ್ತೆ ಮಿಸ್ ಅಯೋಲಾ?"

"ಅಯ್ಯೋ ಮಂಕೆ" ಎಂದರು. "ನಾನು ಪ್ಲೇಟಿನ ನೆಪ ಹೇಳೋದು ಪರ್ವಿಸ್‌ಗೆ. ಅವನ ಗೊರಕೆ ಕೇಳಿದೀಯಾ? ಜಗಳ ಆದಾಗ ಹೊರಗೆ ಕಳಿಸೋಕೆ ಬಾಗಿಲು ಸಡಿಲ ಇರ್ಲಿ ಅಂತ ಮದುವೆ ಬೇಡ ಅಂದೆ. ನನ್ನ ಗಂಡ ತಗಡಿನ ಮೇಲೆ ಕೂತಿದಾನೆ ಅಂತ ನಾನ್ಯಾವತ್ತೂ ಅಂದ್ಕೊಂಡಿಲ್ಲ. ನೀನು ಯಾರಿಗೆ ನೆಪ ಹೇಳ್ತಿದೀಯ?"

ಸ್ಟಿಕ್ಕರ್ ಕೊಟ್ಟೆ. ಬೆಂಚಿನಿಂದ ಪರ್ವಿಸ್, "ನಂಗೆ ಕಿವಿ ಕೇಳಿಸುತ್ತೆ ಅಯೋಲಾ" ಎಂದರು.

ಮೇ 17, ಶುಕ್ರವಾರ

ಮಧ್ಯಾಹ್ನದ ಬಿಡುವಿನಲ್ಲಿ ಹೋಯ್ಟ್‌ಗೆ ಫೋನ್ ಮಾಡಿದೆ.

"ನಾನೂ ಆ ಪುಟ ಮತ್ತೆ ಓದ್ದೆ. ಸಂದು ಸಿಗಲಿಲ್ಲ" ಎಂದೆ.

"ಹೇಳಿದ್ನಲ್ಲ, ಬರೆದೋನು ಗಟ್ಟಿಗ ಅಂತ."

"ಸಂದು ಬೇಕಾಗಿಲ್ಲ ಹೋಯ್ಟ್. ಪ್ಲೇಟ್ ವಾಪಸ್ ಕೊಡ್ತೀನಿ."

ಆ ಕಡೆ ಕುರ್ಚಿ ಬಿದ್ದ ಸದ್ದು. ಆಮೇಲೆ, "ಬಿದ್ದಿದ್ದು ನಾನಲ್ಲ, ಕುರ್ಚಿ" ಎಂದ. ಇಬ್ಬರೂ ನಕ್ಕೆವು, ಎಷ್ಟು ಹೊತ್ತು ಎಂದರೆ ನನ್ನ ಊಟದ ಸಮಯವೇ ಮುಗಿಯಿತು.

ಮೇ 31, ಶುಕ್ರವಾರ

ನಾನೂರ ಹನ್ನೊಂದು ಮುಗಿದಿತ್ತು, ಉಳಿದದ್ದು ಒಂದು. ಪ್ಲೇಟನ್ನು ಮದುವೆಯಾದ ಮೂವತ್ತು ದಿನದೊಳಗೆ ವಾಪಸು ಕೊಟ್ಟರೂ ಸಾಕು, ನಿಯಮ ಅಷ್ಟು ಬಿಡುವು ಕೊಟ್ಟಿದೆ. ನನಗೆ ಬಿಡುವು ಬೇಕಿರಲಿಲ್ಲ. ನಾಲ್ಕು ಗಂಟೆಗೆ ಎದ್ದು ಕೌಂಟರಿನ ಆಚೆ ಬದಿಗೆ ಹೋಗಿ ಸಾಲಿನಲ್ಲಿ ನಿಂತೆ. ನನ್ನ ಮುಂದೆ ಇಬ್ಬರಿದ್ದರು. ಏಳು ವರ್ಷದಲ್ಲಿ ಆ ಕಡೆ ನಿಂತದ್ದೇ ಇಲ್ಲ. ನಮ್ಮ ಗಡಿಯಾರ ಅಲ್ಲಿಂದ ನೋಡಿದರೆ ನಿಧಾನವಾಗಿ ಓಡುತ್ತದೆ.

ರಾಯ್ಸ್‌ನ ಪ್ಲೇಟನ್ನು ಲಡಾನಾಳ ಕೈಗೆ ಕೊಟ್ಟೆ. ರದ್ದಾದ ಪ್ಲೇಟಿಗೆ ತೂತು ಹೊಡೆದು ಕುಟುಂಬಕ್ಕೆ ಕೊಡಬಹುದು, ಅದು ನಲವತ್ತೆರಡನೆಯ ಪುಟ. ತೂತು ಹೊಡೆಯಲು ಅವಳಿಗೆ ಮನಸ್ಸಾಗಲಿಲ್ಲ. ನಾನೇ ಯಂತ್ರದ ಹಿಡಿಕೆ ಎಳೆದೆ. ಒಂದು ಸಲ ಅತ್ತೆ ಕೂಡ. ಮಾಜಿ ಸೈನಿಕರ ಸಭಾಂಗಣದಲ್ಲಿ ರಾಯ್ಸ್‌ನ ಫೋಟೋ ಇದೆ, ಅದರ ಕೆಳಗೆ ಪ್ಲೇಟನ್ನು ತೂಗುಹಾಕುತ್ತಾರಂತೆ. ಶುಕ್ರವಾರದ ಮೀನಿನ ಊಟಕ್ಕೆ ಅವನ ಗೆಳೆಯರೆಲ್ಲ ಅಲ್ಲಿ ಸೇರುತ್ತಾರೆ. ನನ್ನ ಬಂಪರಿಗಿಂತ ಅವನಿಗೆ ಆ ಜಾಗ ಹೆಚ್ಚು ಹಿಡಿಸುತ್ತದೆ.

"ಯಾವ ಪ್ಲೇಟ್ ಕೊಡ್ಲಿ ಮೇಡಂ?" ಎಂದಳು ಲಡಾನಾ, ಮೂಗು ಒರೆಸಿಕೊಳ್ಳುತ್ತಾ. "ಹೆಂಗಸರಿಗೆ ಅಂತ ಹೂಬಳ್ಳಿ ಅಂಚಿಂದು ಒಂದಿದೆ."

"ನಾನು ಓಡಿಸಿದ ಲಾರಿಗೆ ಹೂಬಳ್ಳಿ ಇರ್ಲಿಲ್ಲ. ಎಲ್ರಿಗೂ ಕೊಡೋದನ್ನೇ ಕೊಡು."

ಕೊಲ್ಲಿ ಯುದ್ಧದ ಸೈನಿಕರ ಪ್ಲೇಟು ಕೊಟ್ಟಳು. ಹೆಸರಿನ ಕಡೆ ನೆಲ್ಡಾ ಫೇ ಎಂದು ಬರೆದು, ಮುಂದಿನದು ಏನು ಹಾಕಲಿ ಎಂದು ಕೇಳಿದಳು. ಹದಿನೈದು ದಿನದಲ್ಲಿ ಬದಲಾಗುತ್ತದೆ, ಆದರೂ ಈಗ ಇರುವುದನ್ನೇ ಹಾಕು ಎಂದೆ. ನಿಯಮ ನಿಯಮವೇ.

ಜೂನ್ 15, ಶನಿವಾರ

ಮದುವೆಯಾಯಿತು! ಕೋರ್ಟ್ ಕಟ್ಟಡದ ಮೆಟ್ಟಿಲ ಮೇಲೆ, ಬೆಳಿಗ್ಗೆ ಹತ್ತಕ್ಕೆ. ಸಾಕ್ಷಿಗೆ ಮಿಸ್ ಅಯೋಲಾ ಮತ್ತು ಪರ್ವಿಸ್. "ಇದೆಲ್ಲ ನೋಡಿ ಕಲೀಬೇಡ" ಎಂದು ಅಯೋಲಾ ಪರ್ವಿಸ್‌ರ ಪಕ್ಕೆಗೆ ತಿವಿದರು. ಡಾಕ್ಟರಮ್ಮ ಪೀಚ್ ಹಣ್ಣಿನ ಕಡುಬು ತಂದಿದ್ದರು, ಸಕ್ಕರೆ ಸುರಿದು ಮಾಡಿದ್ದು. ಅವರ ವೃತ್ತಿಗೆ ಅದು ಲಾಭವೇ ಎಂದು ಹೋಯ್ಟ್ ಎಲ್ಲರೆದುರಿಗೇ ಹೇಳಿದ.

ಕೆರೆಯ ಹತ್ತಿರ ಎರಡು ದಿನಕ್ಕೆ ಒಂದು ಮನೆ ಹಿಡಿದಿದ್ದಾನೆ. ನನ್ನ ಪಿಕಪ್ಪು, ನಾನೇ ಓಡಿಸಿದೆ. ದಾರಿಯಲ್ಲಿ ಪೆಟ್ರೋಲು ಹಾಕಿಸಲು ನಿಂತಾಗ ಪಕ್ಕದ ಗಾಡಿಯಿಂದ ಒಬ್ಬ ಹಿರಿಯರು ಇಳಿದರು. ನಮ್ಮ ಪ್ಲೇಟು ನೋಡಿದರು, ನೆಟ್ಟಗೆ ನಡೆದು ಹೋಯ್ಟ್‌ನ ಕಿಟಕಿಗೆ ಬಂದರು. ಹ್ಯಾಟು ತೆಗೆದು ಕೈ ಚಾಚಿ, "ದೇಶಕ್ಕೆ ನೀವು ಮಾಡಿದ ಸೇವೆಗೆ ನಮಸ್ಕಾರ ಸರ್" ಎಂದರು.

ಇಪ್ಪತ್ತು ವರ್ಷ ಕೈ ಕುಲುಕಿ ಬದುಕಿದವನು ಹೋಯ್ಟ್. ಆ ಕೈಯನ್ನು ಮಾತ್ರ ಹಿಡಿಯಲಿಲ್ಲ.

"ನಾನಲ್ಲ ಸರ್" ಎಂದ. "ಚಪ್ಪಟೆ ಪಾದ ಅಂತ ನನ್ನ ಸೇನೆಗೆ ಸೇರಿಸ್ಕೊಳ್ಳಲೇ ಇಲ್ಲ. ನಾನು ಬರೀ ಗಂಡ. ಸೈನಿಕರು ಆ ಕಡೆ ಕೂತಿದಾರೆ."

ಹಿರಿಯರು ಒಂದು ಕ್ಷಣ ಪೆಚ್ಚಾದರು. ಆಮೇಲೆ ಗಾಡಿಯ ಮುಂದಿನಿಂದ ಇಡೀ ಸುತ್ತು ಬಳಸಿ ನನ್ನ ಕಿಟಕಿಗೆ ಬಂದರು. ಕಾಲು ಸ್ವಲ್ಪ ಎಳೆಯುತ್ತಿದ್ದರು, ಅಷ್ಟು ದೂರ ನಡೆಯಲು ಹೊತ್ತು ಹಿಡಿಯಿತು. ಆ ಹೊತ್ತೆಲ್ಲ ಪೆಟ್ರೋಲ್ ಬಂಕಿನಲ್ಲಿದ್ದ ಜನ ತಿರುಗಿ ತಿರುಗಿ ನನ್ನನ್ನು ನೋಡಿದರು. ನಾನು ಕಿಟಕಿಯ ಗಾಜು ಪೂರ್ತಿ ಇಳಿಸಿದೆ.

"ಕ್ಷಮಿಸಿ ಮೇಡಂ" ಎಂದರು ಅವರು. "ಯಾವ ದಳ?"

"ಸಾರಿಗೆ ದಳ ಸರ್. ಐದು ಟನ್ ಲಾರಿ. ತೊಂಬತ್ತೊಂದು" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

ಅವರು ಕೈ ಎತ್ತಿ ಸೆಲ್ಯೂಟ್ ಹೊಡೆದರು. ಸೀಟಿನಲ್ಲಿ ಕೂತೇ ನಾನೂ ಹೊಡೆದೆ. ಕೈ ಅದನ್ನು ಮರೆತಿರಲಿಲ್ಲ.

ಅಲ್ಲಿಂದ ಕೆರೆಯವರೆಗೆ ಹನ್ನೆರಡು ಮೈಲಿ ಹಾಡು ಹೇಳಿಕೊಂಡು ಗಾಡಿ ಓಡಿಸಿದೆ. ನಿನ್ನ ಕಂಠ ಭಯಂಕರವಾಗಿದೆ ಎಂದ ಹೋಯ್ಟ್, ನಿಲ್ಲಿಸು ಎಂದು ಮಾತ್ರ ಹೇಳಲಿಲ್ಲ.